ಓದುಗರ ಸ್ಪಂದನ: ಏಳಕ್ಕೆ ಹೊರಡುವ ಹುಡುಗಿಗೆ ಎಷ್ಟು ಅಂಕ?

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನ ಸ್ಟಾರ್ಟಪ್ ಒಂದರಲ್ಲಿ ಟೀಮ್ ಲೀಡ್ ಆಗಿರುವ ಓದುಗರ ಪತ್ರ ಕಳೆದ ಸಂಚಿಕೆಯಲ್ಲಿ ಬಂದಿತ್ತು. ದಿನಕ್ಕೆ 13 ಗಂಟೆ ದುಡಿಮೆ, ಭಾನುವಾರವೂ ಲ್ಯಾಪ್‌ಟಾಪ್. ಆದರೂ ಕೆಲಸವೆಂದರೆ ಪ್ರಾಣ. ನಾಲ್ಕು ವರ್ಷದ ಇಸಾಪ್ (ನಿಗದಿತ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು) ಪೂರ್ತಿ ಕೈಸೇರಲು 14 ತಿಂಗಳು ಬಾಕಿ. ಈ ನಡುವೆ ಅಪ್ರೈಸಲ್, ಅಂದರೆ ಕೆಲಸದ ಮೌಲ್ಯಮಾಪನ, ಬಂದಿದೆ. ಕೈಕೆಳಗಿನ ಐವರಿಗೂ ‘ಪ್ಯಾಶನ್’ ಎಂಬ ಕಾಲಮ್ಮಿನಲ್ಲಿ ಐದಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಸಂಜೆ ಏಳಕ್ಕೆ ಬ್ಯಾಗು ಹಾಕಿಕೊಂಡು ಹೊರಡುವ ಹುಡುಗಿಗೆ ಎಷ್ಟು ಕೊಡಲಿ? ನನ್ನದು ಹುಮ್ಮಸ್ಸೋ ಚಟವೋ? ಇವು ಅವರ ಪ್ರಶ್ನೆಗಳು. ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಕೊಟ್ಟಿದ್ದೇವೆ. ಚಿಕ್ಕದೊಂದು ಮೊದಲು.

*

ರಾತ್ರಿ 11ಕ್ಕೆ ಗ್ರೂಪಿಗೆ ಮೆಸೇಜ್ ಹಾಕಿ ‘ಈಗಲೇ ಉತ್ತರ ಬೇಕಿಲ್ಲ’ ಎಂದು ಸೇರಿಸುತ್ತೀರಿ ಎಂದು ನೀವೇ ಬರೆದಿದ್ದೀರಿ. ಅಪ್ರೈಸಲ್ ಬರೆಯುವವರ ಮೆಸೇಜನ್ನು ಯಾರೂ ಬೆಳಗಿನವರೆಗೆ ಬಿಡುವುದಿಲ್ಲ. ಅದನ್ನು ಬೆಳಿಗ್ಗೆ 9.30ಕ್ಕೆ ಶೆಡ್ಯೂಲ್ ಮಾಡಿ. ಅಷ್ಟೂ ಮಾಡದೆ ಹುಮ್ಮಸ್ಸೋ ಚಟವೋ ಎಂದು ನಮ್ಮನ್ನು ಕೇಳಬೇಡಿ.

— ಸಾಫ್ಟ್‌ವೇರ್ ಟೆಸ್ಟರ್, ಮೈಸೂರು

*

ಮಾತು ಖಾರವಾಗಿದೆ, ಸಲಹೆ ಮಾತ್ರ ಇಂದೇ ಪಾಲಿಸುವಂಥದ್ದು. ಮುಂದಿನ ಪತ್ರ ಕೇಳದ ಪ್ರಶ್ನೆಗೆ ಉತ್ತರಿಸುತ್ತದೆ. ಆದರೆ 14 ತಿಂಗಳ ಲೆಕ್ಕವೇ ಹಲವರನ್ನು ಕುರ್ಚಿಗೆ ಕಟ್ಟಿಹಾಕಿರುವುದರಿಂದ ಪ್ರಕಟಿಸುತ್ತಿದ್ದೇವೆ.

*

ಗ್ರಾಂಟ್ ಲೆಟರ್ (ಇಸಾಪ್ ಕೊಟ್ಟ ಪತ್ರ) ತೆಗೆದು ವೆಸ್ಟಿಂಗ್, ಅಂದರೆ ಆ ಹಕ್ಕು ಕಂತಿನಲ್ಲಿ ನಿಮ್ಮದಾಗುವುದು, ತಿಂಗಳಿಗೋ ವರ್ಷಕ್ಕೋ ನೋಡಿ. 48 ತಿಂಗಳಲ್ಲಿ 34 ಮುಗಿದಿವೆ. ತಿಂಗಳ ಲೆಕ್ಕವಾದರೆ 34 ಪಾಲು ಆಗಲೇ ನಿಮ್ಮದು. ವರ್ಷದ ಲೆಕ್ಕವಾದರೆ ಅರ್ಧ ಮಾತ್ರ ನಿಮ್ಮದು, ಮುಂದಿನ ಕಾಲುಭಾಗಕ್ಕೆ ಎರಡೇ ತಿಂಗಳು. ಎರಡು ತಿಂಗಳು ಕಾಯುವುದು ಬೇರೆ, ಹದಿನಾಲ್ಕು ತಿಂಗಳು ಆರೋಗ್ಯ ಒತ್ತೆಯಿಡುವುದು ಬೇರೆ.

ಎರಡನೆಯದು, ಕೆಲಸ ಬಿಟ್ಟ ಮೇಲೆ ಎಕ್ಸರ್‌ಸೈಸ್ ಮಾಡಲು, ಅಂದರೆ ದುಡ್ಡು ಕೊಟ್ಟು ಷೇರು ಕೊಳ್ಳಲು, ಎಷ್ಟು ದಿನ ಕೊಟ್ಟಿದ್ದಾರೆ? ಎಷ್ಟೋ ಕಡೆ 90 ದಿನ ಮಾತ್ರ. ಆಗ ತೆರಿಗೆಯನ್ನು ಕೈಯಿಂದ ಕಟ್ಟಬೇಕು. ಉದಾಹರಣೆಗೆ 2,000 ಆಪ್ಷನ್, ಒಂದು ಷೇರಿಗೆ ನೀವು ಕೊಡುವ ಬೆಲೆ ₹10, ಅಂದಿನ ಮೌಲ್ಯ ₹400 ಎಂದಿಟ್ಟುಕೊಳ್ಳಿ. ವ್ಯತ್ಯಾಸ ₹7,80,000 ಸಂಬಳದ ಜತೆ ಸೇರುತ್ತದೆ. ಶೇ 30ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ ತೆರಿಗೆ ₹2,43,360. ಷೇರು ಮಾರಿ ಒಂದು ರೂಪಾಯಿಯೂ ಬಂದಿರುವುದಿಲ್ಲ. ಈ ತೆರಿಗೆ ಮುಂದೂಡುವ ಸೌಲಭ್ಯವನ್ನು 2020ರ ಬಜೆಟ್ ತಂದಿತು. ಆದರೆ ಸ್ಟಾರ್ಟಪ್ ಎಂದು ನೋಂದಣಿಯಾದರೆ ಸಾಲದು, ತೆರಿಗೆ ವಿನಾಯಿತಿಯ ಪ್ರತ್ಯೇಕ ಪ್ರಮಾಣಪತ್ರ ಕಂಪನಿಗೆ ಇರಬೇಕು. ಮೇಲಾಗಿ, ಕೆಲಸ ಬಿಟ್ಟರೆ ಆ ಸೌಲಭ್ಯವೂ ಅಲ್ಲಿಗೇ ಮುಗಿಯುತ್ತದೆ.

— ಚಾರ್ಟರ್ಡ್ ಅಕೌಂಟೆಂಟ್, ಮಂಗಳೂರು

*

‘ಐಟಿಯವರಿಗೆ ಕಾನೂನೇ ಇಲ್ಲ’ ಎಂದು ನಿಮ್ಮ ಫೌಂಡರ್ ಹೇಳಿದ್ದು ತಪ್ಪು. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಸಿಕ್ಕಿದ್ದು, ನೌಕರಿಯ ಷರತ್ತುಗಳನ್ನು ಲಿಖಿತವಾಗಿ ನಿಗದಿ ಮಾಡಬೇಕೆನ್ನುವ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ವಿನಾಯಿತಿ. 2024ರಲ್ಲಿ ಅದನ್ನು ಮತ್ತೆ ಐದು ವರ್ಷ ವಿಸ್ತರಿಸಿದರು; 2025ರಲ್ಲಿ ಆ ಕಾಯ್ದೆಯೇ ಹೊಸ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಯಿತು. ಕೆಲಸದ ಅವಧಿ ನಿಗದಿ ಮಾಡುವುದು ಅದಲ್ಲ, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಎಂದಿದೆ. ಮೀರಿದ್ದಕ್ಕೆ ಎರಡು ಪಟ್ಟು ಕೂಲಿ. ಆಡಳಿತ ಹುದ್ದೆಯವರಿಗೆ ಇದು ಅನ್ವಯಿಸದು. ‘ಲೀಡ್’ ಎಂಬ ಹೆಸರಿದ್ದ ಮಾತ್ರಕ್ಕೆ ಆಡಳಿತ ಹುದ್ದೆಯಾಗದು, ನಿಜವಾಗಿ ಮಾಡುವ ಕೆಲಸ ನೋಡಬೇಕು. ನಿಮ್ಮ ವಿಷಯದಲ್ಲಿ ವಾದಕ್ಕೆ ಎಡೆಯಿದೆ, ಆ ಐವರ ವಿಷಯದಲ್ಲಿ ಇಲ್ಲ. ಏಳಕ್ಕೆ ಹೊರಡುವ ಹುಡುಗಿ ಹತ್ತಕ್ಕೆ ಬಂದಿದ್ದರೆ ಒಂಬತ್ತು ಗಂಟೆ ತುಂಬಿಸಿಯೇ ಹೊರಟಿದ್ದಾಳೆ.

— ಕಾರ್ಮಿಕ ಕಾನೂನು ವಕೀಲರು, ಬೆಂಗಳೂರು

*

ತಮ್ಮಾ, ಮನೆಯವರ ಬಗ್ಗೆ ಒಂದು ಸಾಲೂ ಬರೆದಿಲ್ಲ ನೀನು. ರಾತ್ರಿ ಊಟ ಎಷ್ಟು ಹೊತ್ತಿಗೆ? ಫೋನಿನ ಚಾರ್ಜರನ್ನು ಮಲಗೋ ಕೋಣೆಯಿಂದ ತೆಗೆದು ಹಜಾರದಲ್ಲಿ ಹಾಕು. ಬೆಳಿಗ್ಗೆ ಏಳೋಕೆ ಒಂದು ಅಲಾರಂ ಗಡಿಯಾರ ತಗೋ. ಮಿಕ್ಕಿದ್ದು ಆಮೇಲೆ ನೋಡೋಣ.

— ನಿವೃತ್ತ ಶಿಕ್ಷಕಿ, ಶಿವಮೊಗ್ಗ

*

ಹಜಾರದ ಫೋನು ಮಧ್ಯರಾತ್ರಿ ಬಡಿದುಕೊಂಡರೇನು ಗತಿ? ಅದಕ್ಕೆ ಮುಂದಿನ ದೀರ್ಘ ಪತ್ರದಲ್ಲಿ ದಾರಿಯಿದೆ. ಹೆಚ್ಚೇನೂ ಕತ್ತರಿಸಿಲ್ಲ.

*

ಈ ಪತ್ರ ಓದಿದ ಮೇಲೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಯಾಕೆಂದು ಬರೆಯುವುದಿಲ್ಲ. ಕೆಲಸಕ್ಕೆ ಬರುವಷ್ಟನ್ನು ಬರೆಯುತ್ತೇನೆ.

13 ಗಂಟೆ ಎಲ್ಲಿಂದ ಹುಟ್ಟುತ್ತದೆ ಎಂದು ಮೊದಲು ನೋಡಿ. ಅದು ಹುಟ್ಟುವುದು ರಾತ್ರಿಯಲ್ಲ, ಸ್ಪ್ರಿಂಟ್ ಪ್ಲಾನಿಂಗ್ (ಮುಂದಿನ ಎರಡು ವಾರದ ಕೆಲಸದ ಯೋಜನೆ) ಮಾಡುವ ಸೋಮವಾರ ಬೆಳಿಗ್ಗೆ. ಐದು ಜನ, ಹತ್ತು ದಿನ, ದಿನಕ್ಕೆ ಎಂಟು ಗಂಟೆ ಎಂದು 400 ಗಂಟೆಯ ಕೆಲಸ ಒಪ್ಪಿಕೊಂಡುಬಿಡುತ್ತೀರಿ. ಸ್ಟ್ಯಾಂಡಪ್ (ದಿನದ ಚುಟುಕು ಸಭೆ), ಮೀಟಿಂಗ್, ಇನ್ನೊಬ್ಬರ ಕೋಡ್ ನೋಡಿಕೊಡುವುದು, ಇಂಟರ್‌ವ್ಯೂ ಎಲ್ಲ ಕಳೆದರೆ ಒಬ್ಬರ ಕೈಗೆ ಸಿಗುವುದು ದಿನಕ್ಕೆ ಐದು ಗಂಟೆ, ಒಟ್ಟು 250. ಉಳಿದ 150 ಗಂಟೆ ಎಲ್ಲಿಗೂ ಹೋಗುವುದಿಲ್ಲ, ರಾತ್ರಿಗೆ ಬಂದು ಕೂರುತ್ತದೆ. ಅದನ್ನು ಎತ್ತಿಕೊಂಡವರು ಶ್ರದ್ಧೆಯವರು, ಎತ್ತಿಕೊಳ್ಳದೆ ಹೋದವಳು ಶ್ರದ್ಧೆಯಿಲ್ಲದವಳು! ಇದು ಅನ್ಯಾಯ. ಮುಂದಿನ ಸ್ಪ್ರಿಂಟಿಗೆ 250ರ ಲೆಕ್ಕ ಹಿಡಿಯಿರಿ. ಫೌಂಡರ್ ಕೇಳಿದರೆ ಕಳೆದ ಆರು ಸ್ಪ್ರಿಂಟುಗಳಲ್ಲಿ ಒಪ್ಪಿಕೊಂಡದ್ದೆಷ್ಟು, ಮುಗಿದದ್ದೆಷ್ಟು ಎಂದು ಪಕ್ಕಪಕ್ಕ ಬರೆದು ತೋರಿಸಿ.

ಇನ್ನು ರಾತ್ರಿಯ ಫೋನು. ನಿಮ್ಮನ್ನೂ ಸೇರಿಸಿ ಆರು ಜನ. ವಾರಕ್ಕೊಬ್ಬರು ಆನ್‌ಕಾಲ್ (ರಾತ್ರಿ ಸರ್ವರ್ ಕೆಟ್ಟರೆ ಎದ್ದು ನೋಡುವ ಪಾಳಿ), ಅವರು ಎತ್ತದಿದ್ದರೆ ಎರಡನೆಯವರು. ಒಬ್ಬರಿಗೆ ಆರು ವಾರಕ್ಕೊಮ್ಮೆ ಮುಖ್ಯ ಪಾಳಿ ಬರುತ್ತದೆ. ಉಳಿದಂತೆ ಫೋನು ಹಜಾರದಲ್ಲಿರಲಿ. ರಾತ್ರಿ ಎದ್ದವರು ಮರುದಿನ ತಡವಾಗಿ ಬರುವುದು ನಿಯಮವಾಗಿರಲಿ, ಕೇಳಿ ಪಡೆಯುವ ಉಪಕಾರವಾಗದಿರಲಿ. ಎರಡು ವಾರ ಪ್ರತಿ ಅಲರ್ಟನ್ನೂ (ಸಿಸ್ಟಮ್ ಕಳಿಸುವ ಎಚ್ಚರಿಕೆ) ಬರೆದಿಡಿ: ಎದ್ದವರು ಏನಾದರೂ ಮಾಡಬೇಕಾಯಿತೋ, ನೋಡಿ ಸುಮ್ಮನೆ ಮಲಗಿದರೋ? ಎರಡನೆಯ ಜಾತಿಯದನ್ನು ರಾತ್ರಿಯ ಪಟ್ಟಿಯಿಂದ ತೆಗೆದು ಬೆಳಗಿನ ಮೇಲ್‌ಗೆ ಹಾಕಿ. ಗುರುವಾರ ಸಂಜೆ ನಾಲ್ಕರ ನಂತರ ಡಿಪ್ಲಾಯ್, ಅಂದರೆ ಹೊಸ ಕೋಡನ್ನು ಬಳಕೆಗೆ ಬಿಡುವುದು, ಬೇಡ. ಶುಕ್ರವಾರ ರಾತ್ರಿ ಹಾಕಿದ ಕೋಡ್ ಮುರಿಯುವುದು ಶನಿವಾರ, ಎಬ್ಬಿಸುವುದು ಭಾನುವಾರ.

ಕೊನೆಯದು ಕಷ್ಟದ್ದು. ಪ್ರೊಡಕ್ಷನ್ (ಗ್ರಾಹಕರ ಬಳಕೆಯಲ್ಲಿರುವ) ಡೇಟಾಬೇಸಿನ ಪಾಸ್‌ವರ್ಡ್ ನಿಮ್ಮೊಬ್ಬರಲ್ಲೇ ಇದೆಯೆಂದು ಬರೆದಿದ್ದೀರಿ. ನಿಮಗೆ ರಜೆ ಸಿಗದಿರುವುದು ಅದರಿಂದಲೇ. ಬರುವ ಮಂಗಳವಾರ, ಬುಧವಾರ ರಜೆ ಹಾಕಿ ಲ್ಯಾಪ್‌ಟಾಪನ್ನು ಆಫೀಸಿನಲ್ಲೇ ಬಿಡಿ. ಯಾವ ಯಾವುದಕ್ಕೆ ಫೋನ್ ಬರುತ್ತದೋ ಒಂದು ಚೀಟಿಯಲ್ಲಿ ಬರೆಯಿರಿ. ಕೈಯಿಂದ ದಾಟಿಸಬೇಕಾದ ಕೆಲಸಗಳ ಪಟ್ಟಿ ಅದೇ. ಒಂದೊಂದಕ್ಕೂ ಒಂದು ಪುಟದ ರನ್‌ಬುಕ್: ಅಲರ್ಟಿನ ಅರ್ಥವೇನು, ಯಾವ ಡ್ಯಾಶ್‌ಬೋರ್ಡ್ ನೋಡಬೇಕು, ಮೊದಲ ಕಮಾಂಡ್ ಯಾವುದು, ಹಳೆಯ ಸ್ಥಿತಿಗೆ ತರುವುದು ಹೇಗೆ, ಯಾರಿಗೆ ಫೋನ್ ಮಾಡಬೇಕು. ಬರೆದವರೇ ಪರೀಕ್ಷಿಸಬಾರದು. ತಂಡಕ್ಕೆ ಹೊಸದಾಗಿ ಬಂದವರ ಕೈಗೆ ಕೊಟ್ಟು, ನೀವು ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತಿರಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲು ತಿದ್ದಿ.

ದಯವಿಟ್ಟು ಇದನ್ನು ಮುಂದೂಡಬೇಡಿ.

— ಸರ್ವರ್ ನಿರ್ವಹಣೆಯಲ್ಲಿರುವವರು, ಪುಣೆ

*

ಚಟದ ಪ್ರಶ್ನೆಗೆ ನೇರವಾಗಿ ಉತ್ತರಿಸಿದವರು ಒಬ್ಬರೇ.

*

ಗಂಟೆ ಎಣಿಸಿದರೆ ತಿಳಿಯದು. ಕೆಲಸವಿಲ್ಲದ ಹೊತ್ತಿನಲ್ಲಿ ಏನಾಗುತ್ತದೆ ನೋಡಿಕೊಳ್ಳಿ. ಇಷ್ಟಪಟ್ಟು ದುಡಿಯುವವರು ಬಿಟ್ಟಾಗ ನಿರಾಳವಾಗಿರುತ್ತಾರೆ. ಗೀಳಿನಿಂದ ದುಡಿಯುವವರಿಗೆ ಬಿಟ್ಟಾಗ ಚಡಪಡಿಕೆ, ತಪ್ಪು ಮಾಡಿದ ಭಾವ. ಆದರೆ ದೇಹಕ್ಕೆ ಈ ಭೇದವಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ, 35-40 ಗಂಟೆಯವರಿಗಿಂತ ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ವರದಿ ಮಾಡಿದವು. ನಿಮ್ಮದು ಭಾನುವಾರ ಬಿಟ್ಟೇ 78. ಬಿಪಿ ನೋಡಿಸಿಕೊಳ್ಳಿ. ನಿದ್ದೆ ಕೆಟ್ಟು ಎರಡು ವಾರ ದಾಟಿದ್ದರೆ 14416ಕ್ಕೆ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

— ವೈದ್ಯರು, ಧಾರವಾಡ

*

ಅಂಕ ಹಾಕುವ ದಿನ ಹತ್ತಿರವಿರುವುದರಿಂದ ಈ ಪತ್ರವನ್ನು ಪತ್ರ ಬರೆದ ಓದುಗರಿಗೆ ಮೊದಲೇ ಕಳಿಸಿಕೊಟ್ಟಿದ್ದೇವೆ.

*

‘ಪ್ಯಾಶನ್’ ಕಾಲಮ್ಮನ್ನು ಖಾಲಿ ಬಿಟ್ಟರೆ ಫಾರಂ ಸಬ್ಮಿಟ್ ಆಗುವುದಿಲ್ಲ; ಒಂದುವೇಳೆ ಆದರೂ ಎಚ್.ಆರ್. ಸರಾಸರಿ ಹಾಕಿಬಿಡುತ್ತಾರೆ. ಆದ್ದರಿಂದ ಐವರಿಗೂ ಒಂದೇ ಅಂಕ ಹಾಕಿ, ಕೆಳಗಿನ ಕಮೆಂಟಿನಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ: ಒಪ್ಪಿಕೊಂಡ ಕೆಲಸದಲ್ಲಿ ಎಷ್ಟು ಮುಗಿಸಿದರು, ಮತ್ತೆ ತಿದ್ದಬೇಕಾದದ್ದೆಷ್ಟು, ಇತರರ ಕೋಡನ್ನು ಎಷ್ಟು ಹೊತ್ತಿನಲ್ಲಿ ನೋಡಿಕೊಟ್ಟರು. ಎಷ್ಟು ಗಂಟೆಗೆ ಬಂದರು, ಹೋದರು ಎಂಬುದು ಎಲ್ಲೂ ಬೇಡ. ಕ್ಯಾಲಿಬ್ರೇಷನ್ ಮೀಟಿಂಗಿನಲ್ಲಿ (ಎಲ್ಲರ ಅಂಕ ಹೋಲಿಸಿ ಅಂತಿಮಗೊಳಿಸುವ ಸಭೆ) ‘ಅವಳು ಬೇಗ ಹೋಗ್ತಾಳಲ್ಲ’ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಆ ಹುಡುಗಿ ಅಲ್ಲಿರುವುದಿಲ್ಲ, ನೀವಿರುತ್ತೀರಿ. ಅವಳು ಮುಗಿಸಿದ ಕೆಲಸದ ಪಟ್ಟಿಯ ಪ್ರಿಂಟ್ ಕೈಯಲ್ಲಿಟ್ಟುಕೊಂಡೇ ಒಳಗೆ ಹೋಗಿ.

— ಎಚ್.ಆರ್. ವಿಭಾಗದವರು, ಹುಬ್ಬಳ್ಳಿ