ಎಪಿಎಂಸಿ ಹತ್ತಿರದ ಬಾಡಿಗೆ ರೂಮಿನಲ್ಲಿ 10 ತಿಂಗಳು ಮನೆ ಸಾಮಾನು: ಹೇಗೆ ಜೋಡಿಸಿಡಬೇಕು?

ವಿದ್ಯಾನಗರ_ಮನೆ:
ಮೇ ಕೊನೆಗೆ ಮನೆ ಖಾಲಿ ಮಾಡಿ ಪರಊರಿಗೆ ಹೊರಡಬೇಕು. ದಾವಣಗೆರೆಯಲ್ಲೇ, ಎಪಿಎಂಸಿ ಹತ್ತಿರ, 10×10 ಅಡಿಯ ಶೆಟರ್ ರೂಮು ಬಾಡಿಗೆಗೆ ಸಿಕ್ಕಿದೆ. ಸಿಮೆಂಟ್ ನೆಲ, ಕಿಟಕಿ ಇಲ್ಲ. ತೇಗದ ಮಂಚ, ಕಬ್ಬಿಣದ ಬೀರು, ಫ್ರಿಜ್, ಫ್ರಂಟ್ ಲೋಡ್ ವಾಷಿಂಗ್ ಮಷಿನ್, ಇನ್ವರ್ಟರ್ ಮತ್ತು ಬ್ಯಾಟರಿ, 3 ಹತ್ತಿ ಹಾಸಿಗೆ, ತಾಮ್ರ-ಹಿತ್ತಾಳೆ ಪಾತ್ರೆ, ಪುಸ್ತಕ, ರೇಷ್ಮೆ ಸೀರೆ ಇವೆ. ಮಳೆಗಾಲವೆಲ್ಲ ಮುಚ್ಚಿಯೇ ಇರುತ್ತೆ. ಇಲಿ, ಗೆದ್ದಲಿನ ಭಯ. ಮೆಕ್ಕೆಜೋಳದ ಗೋಡೌನ್‌ಗೆ ಹಾಕುವ ಗುಳಿಗೆ ಎರಡು ಇಟ್ಟರೆ ಸಾಕು ಅಂತಾರೆ. ಇಡಬಹುದಾ?

ಮಂಡಿಪೇಟೆ_17:
ಗುಳಿಗೆ ಖಂಡಿತ ಬೇಡ ಮೇಡಂ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದ ಕೂಡಲೇ ಫಾಸ್ಫೀನ್ ಗ್ಯಾಸ್ ಬಿಡುತ್ತೆ. ಅದನ್ನ ಉಸಿರಾಡಿದರೆ ಜೀವಕ್ಕೇ ಸಂಚಕಾರ, ಪ್ರತಿಮದ್ದೂ ಇಲ್ಲ. ಶೆಟರ್ ಸಂದಿಯಿಂದ ಪಕ್ಕದ ರೂಮಿನಲ್ಲಿ ಮಲಗಿದವರಿಗೂ ಮುಟ್ಟುತ್ತೆ. ಜೊತೆಗೆ ಆ ಗ್ಯಾಸು ತಾಮ್ರ ತಿನ್ನುತ್ತೆ: ಫ್ರಿಜ್ಜಿನ ಪೈಪು, ಮಷಿನ್ನಿನ ಬೋರ್ಡು, ನಿಮ್ಮ ಪಾತ್ರೆ ಎಲ್ಲಾ ಹಾಳು. ಇಷ್ಟಾದರೂ ಗ್ಯಾಸು ಆರಿದ ಮೇಲೆ ಇಲಿ ಮತ್ತೆ ಬರುತ್ತೆ.

ಇಲಿಗೆ ದಾರಿ ಮುಚ್ಚೋದೇ ಮದ್ದು. ಸಣ್ಣ ಇಲಿಗೆ ಪೆನ್ಸಿಲ್ ದಪ್ಪದ ಸಂದಿ ಸಾಕು. ಹಗಲಲ್ಲಿ ಒಳಗೆ ನಿಂತು ಶೆಟರ್ ಪೂರ್ತಿ ಇಳಿಸಿ, ಎಲ್ಲಿಂದ ಬೆಳಕು ಬರುತ್ತೆ ನೋಡಿ. ಕೆಳಗಿನ ಸಂದಿಗೆ ಬರೀ ರಬ್ಬರ್ ಪಟ್ಟಿ ಹಾಕಿದರೆ ಕಡಿದು ಹಾಕುತ್ತವೆ, ಅಲ್ಯೂಮಿನಿಯಂ ಪಟ್ಟಿ ಬೇಕು. ವೈರು, ಪೈಪಿನ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ತುರುಕಿ ಮೇಲೆ ಸಿಮೆಂಟ್ ಬಳಿಸಿ. ಖಾಲಿ ಡಬ್ಬ ಕಿರಾಣಿ ಅಂಗಡಿಯಿಂದ ತರಬೇಡಿ, ತಿಂಡಿ ವಾಸನೆ ಮತ್ತು ಜಿರಲೆ ಮೊಟ್ಟೆ ಅದರ ಜೊತೆಗೇ ಬರುತ್ತವೆ. ಮೆಡಿಕಲ್ ಶಾಪಿನ ಡಬ್ಬ ಒಳ್ಳೆಯದು.

ಗೋಡೌನ್_ಕೆಲಸ:
ಅಡ್ವಾನ್ಸ್ ಕೊಡೋ ಮೊದಲೇ ನೆಲದ ತೇವ ನೋಡ್ರಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ನೆಲಕ್ಕೆ ಹಾಸಿ, ನಾಲ್ಕೂ ಬದಿ ಗಾಳಿ ಆಡದಂಗೆ ಟೇಪ್ ಹಚ್ಚಿ, ಒಂದು ದಿನ ಬಿಟ್ಟು ತೆಗೀರಿ. ಕೆಳಗೆ ಹನಿ ಕಂಡರೆ, ಇಲ್ಲಾ ಸಿಮೆಂಟ್ ಕಪ್ಪಾಗಿದ್ರೆ, ನೆಲ ನೀರು ಎಳೀತಿದೆ ಅಂತ ಅರ್ಥ. ಮೇ ತಿಂಗಳಲ್ಲೇ ಹಂಗಿದ್ರೆ ಮಳೆಗಾಲದಾಗ ಕೇಳೋದೇ ಬೇಡ, ಬೇರೆ ರೂಮು ನೋಡ್ರಿ.

ನೆಲ ಒಣಗಿದ್ರೂ ಯಾವುದನ್ನೂ ನೇರ ನೆಲಕ್ಕೆ ಇಡಬೇಡ್ರಿ. 4 ಇಂಚಿನ ಸಿಮೆಂಟ್ ಬ್ಲಾಕ್, ಅದರ ಮೇಲೆ ಹಲಗೆ. ಕಟ್ಟಿಗೆ ನೆಲಕ್ಕೆ ತಾಗಿದ್ರೆ ಗೆದ್ದಲಿಗೆ ನಾವೇ ಏಣಿ ಇಟ್ಟಂಗೆ. ಗೋಡೆಗೂ ಸಾಮಾನಿಗೂ 6 ಇಂಚು ಬಿಡ್ರಿ. ಗೆದ್ದಲು ನೆಲ-ಗೋಡೆ ಕೂಡೋ ಮೂಲೆಯಿಂದ ಮಣ್ಣಿನ ಗೆರೆ ಎಳಕೊಂಡು ಹತ್ತುತ್ತೆ, ಆ ಗೆರೆ ಟಾರ್ಚ್ ಬೆಳಕಿಗೆ ಕಾಣೋದು ಈ ಸಂದಿ ಇದ್ರೆ ಮಾತ್ರ.

ಎಡಕ್ಕೊಂದು ಬಲಕ್ಕೊಂದು ಮೂರೂವರೆ ಅಡಿಯ ಸಾಲು ಮಾಡಿದ್ರೆ ನಡುವೆ 2 ಅಡಿ ದಾರಿ ಉಳಿಯುತ್ತೆ. ಇನ್ನೊಂದು ಡಬ್ಬ ಹಿಡೀತಲ್ಲ ಅಂತ ಆ ದಾರಿ ತುಂಬಿಸಬೇಡ್ರಿ, ಗಾಳಿ ಆಡೋದು ಅಲ್ಲೇ. ಬೀರು ನಿಲ್ಲಿಸೇ ಇಡ್ರಿ. ಮಂಚ ಬಿಚ್ಚಿ, ಬೋಲ್ಟು-ನಟ್ಟು ಒಂದು ಬಟ್ಟೆ ಚೀಲಕ್ಕೆ ಹಾಕಿ ತಲೆ ಕಡೆಯ ಹಲಗೆಗೇ ಕಟ್ರಿ. ಪುಸ್ತಕದ ಡಬ್ಬ 15 ಕೆಜಿ ದಾಟಬಾರದು, ದಾಟಿದ್ರೆ ಎತ್ತುವಾಗ ತಳ ಕಿತ್ತು ಬರುತ್ತೆ. ಡಬ್ಬಕ್ಕೆ ನಂಬರ್ ಹಾಕಿ, ಎರಡು ಬದಿಗೂ ಬರೀರಿ.

ಸರ್ವಿಸ್_ಹರಿಹರ:
ಫ್ರಿಜ್ 24 ಗಂಟೆ ಮೊದಲೇ ಆಫ್ ಮಾಡಿ ಐಸ್ ಕರಗಿಸಿ. ಹಿಂದೆ ಕಂಪ್ರೆಸರ್ ಮೇಲೆ ಸಣ್ಣ ಟ್ರೇ ಇರುತ್ತೆ, ಅದರ ನೀರು ಎಲ್ಲರೂ ಮರೀತಾರೆ. ಒರೆಸಿ, ಬಾಗಿಲಿನ ಸಂದಿಗೆ ಸುತ್ತಿದ ಟವೆಲ್ ಸಿಕ್ಕಿಸಿ ಎರಡು ಇಂಚು ತೆರೆದೇ ಇಡಿ, ಮುಚ್ಚಿಟ್ಟರೆ ಗ್ಯಾಸ್ಕೆಟ್ (ಬಾಗಿಲಿನ ರಬ್ಬರ್ ಅಂಚು) ತುಂಬಾ ಬೂಸ್ಟು.

ವಾಷಿಂಗ್ ಮಷಿನ್ ಸಾಗಿಸುವಾಗ ಹಿಂಭಾಗಕ್ಕೆ ಟ್ರಾನ್ಸಿಟ್ ಬೋಲ್ಟ್ ಹಾಕಲೇಬೇಕು, ಇಲ್ಲದಿದ್ದರೆ ಡ್ರಮ್ ಕುಲುಕಿ ಸಸ್ಪೆನ್ಷನ್ ಹೋಗುತ್ತೆ. ಕೆಳಗಿನ ಫಿಲ್ಟರ್ ಬಿಚ್ಚಿ ಉಳಿದ ನೀರು ಬಸಿಯಿರಿ.

ಬ್ಯಾಟರಿ ಮಾತ್ರ ಅಲ್ಲಿ ಇಡಬೇಡಿ. ಬಳಸದಿದ್ದರೂ ತಾನಾಗಿ ಚಾರ್ಜ್ ಇಳಿಯುತ್ತೆ, ಪ್ಲೇಟಿಗೆ ಸಲ್ಫೇಟ್ ಗಟ್ಟಿಯಾಗಿ ಕೂತರೆ ಮತ್ತೆ ಏಳಲ್ಲ. ಬಳಸುವ ನೆಂಟರ ಮನೆಗೆ ಕೊಟ್ಟು ಹೋಗಿ. ಸಿಲಿಂಡರ್ ಏಜೆನ್ಸಿಗೆ ವಾಪಸ್.

ಅಕ್ಕ_ನಿಟುವಳ್ಳಿ:
ಹಾಸಿಗೆಗಳನ್ನು ಎರಡು ದಿನ ಮೇ ಬಿಸಿಲಿಗೆ ಹಾಕಿ, ಸಂಜೆ ತಣ್ಣಗಾದ ಮೇಲೆ ಹಳೇ ಹತ್ತಿ ಚಾದರದಲ್ಲಿ ಸುತ್ತಿ, ಎಲ್ಲಕ್ಕಿಂತ ಮೇಲೆ ಇಡಮ್ಮ. ಬಿಸಿ ಇದ್ದಾಗಲೇ ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೆವರುತ್ತೆ. ಹುಣಸೆಹಣ್ಣು ಹಚ್ಚಿ ತೊಳೆದ ಪಾತ್ರೆಯ ಹುಳಿ ಪೂರ್ತಿ ಹೋಗಬೇಕು. ಕಂಠದ ಸಂದಿಯಲ್ಲಿ ಉಳಿದರೆ ಹಸಿರು ಕಿಲುಬು ಅಲ್ಲಿಂದಲೇ ಶುರು.

ರೇಷ್ಮೆ ಸೀರೆ ಆ ರೂಮಿಗೆ ಬೇಡವೇ ಬೇಡ. ಮನುಷ್ಯರು ಓಡಾಡೋ ಮನೆಯ ಬೀರಿನಲ್ಲಿರಲಿ, ಮಲ್ ಬಟ್ಟೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗಬಾರದು. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಲು ಹೇಳಿ ಹೋಗು.

ವಿದ್ಯಾನಗರ_ಮನೆ:
ಬ್ಯಾಟರಿ, ಸೀರೆ ಎರಡೂ ತಮ್ಮನ ಮನೆಗೆ ಕಳಿಸ್ತೀನಿ ಅಕ್ಕ. ಕೀಲಿಯೂ ಅವನ ಹತ್ತಿರವೇ. ಎಷ್ಟು ದಿನಕ್ಕೊಮ್ಮೆ ಶೆಟರ್ ತೆಗೆಸಲಿ?

ಗೋಡೌನ್_ಕೆಲಸ:
ತಿಂಗಳಿಗೊಮ್ಮೆ, ಬಿಸಿಲು ಬಿದ್ದ ದಿನ, 11ರಿಂದ 3ರ ತನಕ. ಮಳೆ ಹಿಡಿದ ದಿನ ತೆಗೆದ್ರೆ ಹೊರಗಿನ ತೇವಾನೇ ಒಳಗೆ ತುಂಬಿಕೊಂಡಂಗೆ. ಡಬ್ಬಗಳ ನಂಬರ್ ಪಟ್ಟಿಯ ಒಂದು ಫೋಟೊ ತಮ್ಮನಿಗೂ ಕಳಿಸಿಡ್ರಿ.