ಕೆಲಸದ ಜಾಗ ಮತ್ತು ಆರೋಗ್ಯ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಆಫೀಸು, ಫ್ಯಾಕ್ಟರಿ, ಗೋದಾಮು ಯಾವುದೇ ಇರಲಿ, ಅಲ್ಲಿ ದುಡಿಯುವವರ ಮೈ-ಮನಸ್ಸು ಕೆಡದ ಹಾಗೆ ಜಾಗವನ್ನು ಹೇಗೆ ಸಜ್ಜು ಮಾಡಬೇಕು ಅನ್ನೋದು ಇವತ್ತಿನ ವಿಷಯ. ನಮ್ಮ ಗುಂಪಿನಲ್ಲೇ ಇರುವ ಔದ್ಯೋಗಿಕ ಆರೋಗ್ಯದ ವೈದ್ಯೆ ಉತ್ತರ ಕೊಡ್ತಾರೆ. ಕೇಳುವ ಮೊದಲು ಮೇಲಿನ ಉತ್ತರಗಳನ್ನು ಓದಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಅಕೌಂಟ್ಸ್ ಸೆಕ್ಷನ್: ನಮಸ್ತೆ ಮೇಡಂ. ದಿನಾ ಒಂಬತ್ತು ಗಂಟೆ ಕೂತೇ ಕೆಲಸ. ಸಂಜೆ ಹೊತ್ತಿಗೆ ಸೊಂಟ ಹಿಡಿದಿರುತ್ತೆ. ಯಾವ ಕುರ್ಚಿ ತಗೊಂಡರೆ ಒಳ್ಳೆಯದು?

ಡಾಕ್ಟರ್: ನಮಸ್ತೆ. ಕಂಪನಿ ಹೆಸರು ಹೇಳುವುದಿಲ್ಲ, ಕುರ್ಚಿ ಹೇಗಿರಬೇಕು ಅಂತ ಹೇಳುತ್ತೇನೆ. ಪಾದ ಪೂರ್ತಿ ನೆಲಕ್ಕೆ ಊರಬೇಕು. ಸೀಟಿನ ಅಂಚು ಮಂಡಿಯ ಹಿಂಭಾಗಕ್ಕೆ ಒತ್ತಬಾರದು. ಸೊಂಟದ ಒಳಬಾಗಿಗೆ ಆಸರೆ ಸಿಗಬೇಕು. ಟೈಪ್ ಮಾಡುವಾಗ ಭುಜ ಏರಿರಬಾರದು, ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಮೇಜು ತಗ್ಗಿಸಲು ಆಗದಿದ್ದರೆ ಕುರ್ಚಿಯನ್ನು ಏರಿಸಿ ಕಾಲಡಿಗೆ ಮಣೆ ಇಡಿ. ಮಾನಿಟರ್ ಒಂದು ತೋಳಿನಷ್ಟು ದೂರ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ. ಇಷ್ಟು ಮಾಡಿದ ಮೇಲೂ ಅಲುಗಾಡದೆ ಒಂಬತ್ತು ಗಂಟೆ ಕೂತರೆ ಯಾವ ಕುರ್ಚಿಯೂ ಕಾಪಾಡುವುದಿಲ್ಲ. ಅರ್ಧ ಗಂಟೆಗೊಮ್ಮೆ ಏಳಿ. ನೀರು, ಪ್ರಿಂಟರ್, ಕಸದ ಬುಟ್ಟಿ ಎಲ್ಲವನ್ನೂ ಎದ್ದು ಹೋಗಬೇಕಾದಷ್ಟು ದೂರ ಇಡಿಸಿ. ನೋವು ಕಾಲಿಗೆ ಇಳಿದು ಶಕ್ತಿ ಕುಂದಿದರೆ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ ಅದು ಕುರ್ಚಿಯ ಮಾತಲ್ಲ. ಅವತ್ತೇ ಆಸ್ಪತ್ರೆಗೆ ಹೋಗಿ.

ಕೋಡರ್: ಬಲಗೈ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ರಾತ್ರಿ ಜೋಮು ಹಿಡಿದು ಎಚ್ಚರ ಆಗುತ್ತೆ. ಕೈ ಕೊಡವಿದರೆ ಬಿಡುತ್ತೆ. ಮೌಸ್ ಕಾರಣಾನಾ ಡಾಕ್ಟ್ರೇ?

ಡಾಕ್ಟರ್: ಮಣಿಕಟ್ಟಿನಲ್ಲಿ ನರ ಒತ್ತುತ್ತಿರುವ ಲಕ್ಷಣ, ಕಾರ್ಪಲ್ ಟನಲ್ ಅನ್ನುತ್ತೇವೆ. ಮಲಗುವಾಗ ಮಣಿಕಟ್ಟು ನೇರ ಇರುವಂತೆ ಸ್ಪ್ಲಿಂಟ್, ಅಂದರೆ ಬಾಗದ ಆಸರೆ ಪಟ್ಟಿ ಕಟ್ಟಿ. ಮೌಸ್ ಒಂದೇ ಕಾರಣ ಅಂದುಕೊಳ್ಳಬೇಡಿ, ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆಯೂ ಆಗಲಿ. ಹೆಬ್ಬೆರಳ ಬುಡದ ಮಾಂಸ ಕರಗಿದಂತೆ ಕಂಡರೆ ತಡ ಮಾಡಬೇಡಿ.

ಎರಡನೇ ಮಹಡಿ: ಮೇಡಂ, ನಮ್ಮ ರೂಮಲ್ಲಿ ಆರು ಜನ. ಒಂದು ತಿಂಗಳಿಂದ ಮಧ್ಯಾಹ್ನ ಆದರೆ ಸಾಕು ಎಲ್ಲರಿಗೂ ತಲೆನೋವು. ಮನೆಗೆ ಹೋದ ಮೇಲೆ ಇಳಿಯುತ್ತೆ. ಸ್ಕ್ರೀನ್ ಜಾಸ್ತಿ ನೋಡೋದಕ್ಕೆ ಅಂತ ಮ್ಯಾನೇಜರ್ ಹೇಳ್ತಾರೆ. ಕನ್ನಡಕ ಹಾಕಿಕೊಂಡರೆ ಸರಿ ಹೋಗುತ್ತಾ?

ಶುಭೋದಯ: ಕಂಪ್ಯೂಟರ್ ತಲೆನೋವಿಗೆ ಶಾಶ್ವತ ಪರಿಹಾರ!! ನೀಲಿ ಬೆಳಕು ತಡೆಯುವ ಕನ್ನಡಕ + ಮೇಜಿನ ಮೇಲೆ ಎರಡು ಗಿಡ. ಗಿಡ ಕೋಣೆಯ ವಿಷಗಾಳಿಯನ್ನೆಲ್ಲ ಹೀರುತ್ತದೆ ಎಂದು ನಾಸಾ ವಿಜ್ಞಾನಿಗಳೇ ಒಪ್ಪಿದ್ದಾರೆ. ಹತ್ತು ಜನಕ್ಕೆ ಕಳಿಸಿ.

ಡಾಕ್ಟರ್: ಶುಭೋದಯ ಅವರೇ, ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲೇ ಹೇಳಿದ್ದಾರೆ. ನೀಲಿ ಬೆಳಕಿನ ಗಾಜಿನ ಪ್ರಯೋಗಗಳನ್ನೆಲ್ಲ ಕಾಕ್ರೇನ್ ಸಂಸ್ಥೆ 2023ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಕಣ್ಣಿನ ಆಯಾಸಕ್ಕೆ ಮಾಮೂಲಿ ಗಾಜಿಗಿಂತ ಅದು ಮೇಲು ಅನ್ನಿಸುವಂಥದ್ದು ಸಿಗಲಿಲ್ಲ. ನಾಸಾದ 1989ರ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ. ಮಾಮೂಲಿ ಕಟ್ಟಡದಲ್ಲಿ ಹೊರಗಿನ ಗಾಳಿ ಓಡಾಡಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಚದರ ಮೀಟರಿಗೆ ಕನಿಷ್ಠ ಹತ್ತಾದರೂ ಗಿಡ ಬೇಕು ಅಂತ 2019ರ ವಿಮರ್ಶೆಯೊಂದು ಲೆಕ್ಕ ಹಾಕಿತು. ಗಿಡ ಕಣ್ಣಿಗೆ ತಂಪು. ಇಟ್ಟುಕೊಳ್ಳಿ, ಆದರೆ ಅದನ್ನು ಔಷಧ ಅನ್ನಬೇಡಿ.

ಎರಡನೇ ಮಹಡಿಯವರೇ, ಕನ್ನಡಕ ಬಿಡಿ. ಆರು ಜನರ ಕಣ್ಣು ಒಂದೇ ತಿಂಗಳಲ್ಲಿ ಕೆಡುವುದಿಲ್ಲ. ಬೇಗ ಹೇಳಿ: ರಜೆಯ ದಿನ ತಲೆನೋವು ಇರುತ್ತಾ? ವಾಕರಿಕೆ, ತಲೆಸುತ್ತು ಇದೆಯಾ? ತಿಂಗಳ ಹಿಂದೆ ಕಟ್ಟಡದಲ್ಲಿ ಏನು ಬದಲಾಯಿತು? ಹತ್ತಿರದಲ್ಲಿ ಎಂಜಿನ್, ಬಾಯ್ಲರ್, ವಾಹನ ಏನಾದರೂ ಓಡುತ್ತಾ?

ಗೋದಾಮು: ಮೇಡಂ ನಾವು ದಿನವಿಡೀ ಪೆಟ್ಟಿಗೆ ಎತ್ತೋರು. ಸೊಂಟದ ಬೆಲ್ಟ್ ಕೊಟ್ಟಿದ್ದಾರೆ. ಕಟ್ಟಿಕೊಂಡರೆ ಎಷ್ಟು ಕೆಜಿ ತನಕ ಎತ್ತಬಹುದು?

ಡಾಕ್ಟರ್: ಬೆಲ್ಟ್ ಕಟ್ಟಿದ್ದೇನೆ ಅಂತ ಒಂದು ಕೆಜಿಯೂ ಹೆಚ್ಚು ಎತ್ತಬೇಡಿ. ಬೆಲ್ಟ್ ಬೆನ್ನನ್ನು ಕಾಯುತ್ತದೆ ಅನ್ನಲು ಆಧಾರ ಇಲ್ಲ ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಷ್ 1994ರಲ್ಲೇ ಹೇಳಿತ್ತು. ಅದೇ ಸಂಸ್ಥೆಯ ಲೆಕ್ಕದಲ್ಲಿ ಎಲ್ಲವೂ ಅನುಕೂಲವಾಗಿದ್ದರೆ, ಅಂದರೆ ಪೆಟ್ಟಿಗೆ ಮೈಗೆ ಅಂಟಿದಂತೆ, ಸೊಂಟದ ಎತ್ತರದಲ್ಲಿ, ಮೈ ತಿರುಚದೆ, ಒಳ್ಳೆ ಹಿಡಿಕೆಯೊಂದಿಗೆ, ಅಪರೂಪಕ್ಕೊಮ್ಮೆ ಎತ್ತಿದರೆ ಮಿತಿ 23 ಕೆಜಿ. ನೆಲದಿಂದ ಎತ್ತಿದರೆ, ಕೈ ಚಾಚಿ ಎತ್ತಿದರೆ, ನಿಮಿಷಕ್ಕೆ ಹಲವು ಸಲ ಎತ್ತಿದರೆ ಆ ಮಿತಿ ಭಾರೀ ಇಳಿಯುತ್ತದೆ. ಪೆಟ್ಟಿಗೆ ನೆಲದ ಮೇಲೆ ಇರಲೇಬಾರದು, ಅಟ್ಟಣೆಯ ಮೇಲಿರಬೇಕು. ಇದನ್ನು ಮೇಲಿನವರಿಗೆ ಹೇಳಿ.

ಹೊಲಿಗೆ ಸೆಕ್ಷನ್: ಮಿಷನ್ ಸದ್ದಿಗೆ ಸಂಜೆ ಮನೆಗೆ ಹೋದ ಮೇಲೂ ಕಿವಿ ಗುಂಯ್ ಅಂತಿರುತ್ತೆ. ಏನು ಮಾಡಬೇಕು ಮೇಡಂ?

ಎಚ್‌ಆರ್: ಮೇಡಂ, ನಾವು ಸಿಬ್ಬಂದಿಗೆ ಧ್ಯಾನದ ಆ್ಯಪ್ ಕೊಟ್ಟಿದ್ದೇವೆ, ತಿಂಗಳಿಗೊಂದು ವೆಲ್‌ನೆಸ್ ಸೆಷನ್ ಇದೆ. ಆದರೂ ರಜೆ ಹಾಕುವವರು, ಬಿಟ್ಟು ಹೋಗುವವರು ಕಡಿಮೆ ಆಗಿಲ್ಲ. ಇನ್ನೇನು ಸೇರಿಸಬಹುದು?

ನೈಟ್ ಶಿಫ್ಟ್: ಸೇರಿಸೋದು ಬೇಡ ಮೇಡಂ, ತೆಗೆಯೋದು ನೋಡಿ. ನಮ್ಮಲ್ಲೂ ಅಂಥ ಸೆಷನ್ ಇದೆ. ರಾತ್ರಿ ಪಾಳಿ ಮುಗಿಸಿದವರನ್ನ ಬೆಳಿಗ್ಗೆ ಹತ್ತು ಗಂಟೆ ತನಕ ಕೂರಿಸಿಕೊಂಡು ನಿದ್ದೆಯ ಮಹತ್ವ ಹೇಳ್ತಾರೆ.

ಡಾಕ್ಟರ್: ನೈಟ್ ಶಿಫ್ಟ್ ಹೇಳಿದ್ದೇ ನನ್ನ ಉತ್ತರ. ಬ್ರಿಟನ್ನಿನ 46,000ಕ್ಕೂ ಹೆಚ್ಚು ಕೆಲಸಗಾರರ ಮಾಹಿತಿ ಇಟ್ಟುಕೊಂಡು 2024ರಲ್ಲಿ ಬಂದ ಅಧ್ಯಯನದಲ್ಲಿ ಆ್ಯಪ್, ತರಬೇತಿ ಇತ್ಯಾದಿ ಪಡೆದವರ ಸ್ಥಿತಿ ಪಡೆಯದವರಿಗಿಂತ ಉತ್ತಮವಾಗಿ ಕಾಣಲಿಲ್ಲ. ಕೆಲಸದ ಒತ್ತಡ ಹೆಚ್ಚು, ತನ್ನ ಕೆಲಸದ ಮೇಲೆ ತನಗೆ ಹಿಡಿತ ಕಡಿಮೆ, ಇವೆರಡೂ ಸೇರಿದಲ್ಲಿ ಮನುಷ್ಯ ಕುಸಿಯುತ್ತಾನೆ ಅಂತ ಸಂಶೋಧಕ ಕರಾಸೆಕ್ 1979ರಲ್ಲೇ ತೋರಿಸಿದ್ದರು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಹೇಳಿದವು. ಪಾಳಿ ಪಟ್ಟಿ ಯಾರು ಬರೆಯುತ್ತಾರೆ, ಎಷ್ಟು ದಿನ ಮೊದಲು ಕೊಡುತ್ತಾರೆ, ಒಬ್ಬರ ತಲೆಗೆ ಎಷ್ಟು ಜನರ ಕೆಲಸ ಕಟ್ಟಿದ್ದೀರಿ, ಅಲ್ಲಿಂದ ಶುರು ಮಾಡಿ.

ಎರಡನೇ ಮಹಡಿಯವರೇ, ಉತ್ತರ ಬಂದಿಲ್ಲ. ಕಾಯುತ್ತಿದ್ದೇನೆ.

ಎಚ್‌ಆರ್: ಎಲ್ಲದಕ್ಕೂ ಆಡಳಿತವನ್ನೇ ದೂರಿದರೆ ಹೇಗೆ? ನಾವು ಗೋಡೆಗಳನ್ನೆಲ್ಲ ತೆಗೆಸಿ ತೆರೆದ ಹಾಲ್ ಮಾಡಿಸಿದ್ದೇವೆ, ಜನ ಮುಕ್ತವಾಗಿ ಮಾತಾಡಲಿ ಅಂತಲೇ.

ಕೋಡರ್: ತೆರೆದ ಹಾಲ್‌ನಲ್ಲಿ ಯಾರು ಮಾತಾಡ್ತಾರೆ? ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರ್ತಾರೆ. ಗೋಡೆ ತೆಗೆದ ಎರಡು ಕಂಪನಿಗಳಲ್ಲಿ ಮುಖಾಮುಖಿ ಮಾತು ಸುಮಾರು ಶೇ. 70 ಇಳಿದು ಈಮೇಲ್ ಏರಿತು ಅಂತ 2018ರಲ್ಲೇ ಸಂಶೋಧನೆ ಬಂದಿದೆ. ಹುಡುಕಿ ಓದಿ.

ಎಚ್‌ಆರ್: ಎರಡು ಕಂಪನಿ ನೋಡಿ ಲೋಕಕ್ಕೆಲ್ಲ ತೀರ್ಪು ಕೊಡಬೇಡಿ. ನಮ್ಮ ಹುಡುಗರು ಖುಷಿಯಾಗಿದ್ದಾರೆ.

ನೈಟ್ ಶಿಫ್ಟ್: ಬಿಟ್ಟು ಹೋಗ್ತಿದ್ದಾರೆ ಅಂತ ನೀವೇ ಈಗ ಬರೆದಿರಲ್ಲ.

ಎಚ್‌ಆರ್: ನಿಮ್ಮಂಥವರನ್ನ ಇಟ್ಟುಕೊಂಡು ಕೆಲಸ ತೆಗೆಯೋದು ಎಷ್ಟು ಕಷ್ಟ ಅಂತ ಈಗ ಗೊತ್ತಾಯ್ತು.

ನೈಟ್ ಶಿಫ್ಟ್: ನಿಮ್ಮಂಥವರ ಕೈಕೆಳಗೆ ಇರೋದು ಹೇಗಿರುತ್ತೆ ಅಂತ ನಮಗೆ ಮೊದಲೇ ಗೊತ್ತು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ವೈಯಕ್ತಿಕ ಮಾತು ಬೇಡ.

ಹೊಸ ಸದಸ್ಯ: ಮೇಡಂ, ಸೊಂಟ ನೋವಿಗೆ ಯಾವ ಕುರ್ಚಿ ಒಳ್ಳೆಯದು?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಎರಡನೇ ಮಹಡಿ: ಕ್ಷಮಿಸಿ ಮೇಡಂ, ಮೀಟಿಂಗಲ್ಲಿದ್ದೆ. ರಜೆ ದಿನ ಯಾರಿಗೂ ತಲೆನೋವು ಇರಲ್ಲ. ಇಬ್ಬರಿಗೆ ವಾಕರಿಕೆ ಇದೆ. ತಿಂಗಳಿಂದ ಕೆಳಗಡೆ ರಿಪೇರಿ ಕೆಲಸ ನಡೀತಿದೆ, ಅದಕ್ಕೆ ಪೆಟ್ರೋಲ್ ಜನರೇಟರ್ ಇಟ್ಟಿದ್ದಾರೆ. ನಮ್ಮ ರೂಮಿಗೆ ಹೊರಗಿನ ಗಾಳಿ ಎಳೆಯೋ ಜಾಲರಿ ಅದರ ಮೇಲೇ ಇದೆ. ಆದರೆ ಹೊಗೆ ವಾಸನೆ ಏನೂ ಬರಲ್ಲ. ಒಬ್ಬರು ಆಕ್ಸಿಮೀಟರ್ ತಂದಿದ್ರು, ಎಲ್ಲರಿಗೂ 98 ತೋರಿಸ್ತು. ನಮ್ಮಲ್ಲೊಬ್ಬರು ಐದು ತಿಂಗಳ ಬಸುರಿ, ಅವರಿಗೇ ಸುಸ್ತು ಜಾಸ್ತಿ.

ಡಾಕ್ಟರ್: ಈಗ ಆಫೀಸಲ್ಲೇ ಇದ್ದೀರಾ? ಹಾಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಆರೂ ಜನ ಹೊರಗೆ ಬಯಲಿಗೆ ಬನ್ನಿ. ಜನರೇಟರ್ ನಿಲ್ಲಿಸಲು ಹೇಳಿ. ಹೊರಗೆ ಬಂದ ಮೇಲೆ ಮುಂದಿನದನ್ನು ಓದಿ.

ಇದು ಕಾರ್ಬನ್ ಮಾನಾಕ್ಸೈಡ್ ಅನ್ನುವ ಅನುಮಾನ ನನಗೆ ಬಲವಾಗಿದೆ. ಪೆಟ್ರೋಲ್ ಎಂಜಿನ್ ಅದನ್ನು ಧಾರಾಳವಾಗಿ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ಕಣ್ಣು ಮೂಗು ಉರಿಯುವುದೂ ಇಲ್ಲ. ಹಾಗಾಗಿ ವಾಸನೆ ಬರಲ್ಲ ಅನ್ನುವುದರಿಂದ ಸಮಾಧಾನ ಪಡಬೇಡಿ. ರಕ್ತದ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ, ಆಮ್ಲಜನಕಕ್ಕೆ ಜಾಗವೇ ಸಿಗುವುದಿಲ್ಲ. ತಲೆನೋವು, ವಾಕರಿಕೆ, ಸುಸ್ತು, ಮಂಕು. ಒಂದೇ ಜಾಗದಲ್ಲಿ ಹಲವರಿಗೆ, ಜಾಗ ಬಿಟ್ಟರೆ ಮಾಯ. ನೀವು ಬರೆದದ್ದು ಅಕ್ಷರಶಃ ಇದೇ.

ಆಕ್ಸಿಮೀಟರ್ ನಂಬಬೇಡಿ. ಬೆರಳಿಗೆ ಹಾಕುವ ಸಾಮಾನ್ಯ ಉಪಕರಣಕ್ಕೆ ಆಮ್ಲಜನಕ ಹೊತ್ತ ರಕ್ತ ಯಾವುದು, ಈ ವಿಷ ಹೊತ್ತ ರಕ್ತ ಯಾವುದು ಗೊತ್ತಾಗುವುದಿಲ್ಲ. ಪ್ರಾಣ ಹೋಗುವ ಸ್ಥಿತಿಯಲ್ಲೂ ಅದು 98 ತೋರಿಸಬಲ್ಲದು.

ಬಸುರಿಯನ್ನು ಈ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಒಬ್ಬರನ್ನೇ ಕಳಿಸಬೇಡಿ, ಅವರು ಗಾಡಿ ಓಡಿಸುವುದಂತೂ ಬೇಡವೇ ಬೇಡ. ಮಗುವಿನ ರಕ್ತ ಈ ಅನಿಲವನ್ನು ತಾಯಿಯ ರಕ್ತಕ್ಕಿಂತ ಹೆಚ್ಚು ಹೊತ್ತು ಹಿಡಿದಿಡುತ್ತದೆ, ತಾಯಿ ಚೇತರಿಸಿಕೊಂಡರೂ ಮಗುವಿಗೆ ಅಪಾಯ ಉಳಿದಿರಬಹುದು. ವಾಕರಿಕೆ ಇರುವ ಇಬ್ಬರೂ ಜೊತೆಗೆ ಹೋಗಲಿ. ಅಲ್ಲಿ ‘ತಲೆನೋವು’ ಅಂತಷ್ಟೇ ಹೇಳಬೇಡಿ. ಜನರೇಟರ್ ಹೊಗೆ, ಆರು ಜನಕ್ಕೆ ಒಂದೇ ತೊಂದರೆ, ಕಾರ್ಬಾಕ್ಸಿಹೀಮೋಗ್ಲೋಬಿನ್ (ಈ ಅನಿಲ ಅಂಟಿದ ಹೀಮೋಗ್ಲೋಬಿನ್) ರಕ್ತಪರೀಕ್ಷೆ ಬೇಕು, ಈ ಮೂರನ್ನೂ ಹೇಳಿ. ಸಾಧಾರಣ ಗಾಳಿ ಉಸಿರಾಡುತ್ತಿದ್ದರೆ ನಾಲ್ಕೈದು ಗಂಟೆಗೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ನಾಳೆ ಬೆಳಿಗ್ಗೆ ಕೊಟ್ಟ ರಕ್ತದಲ್ಲಿ ಏನೂ ಕಾಣದೆ, ‘ನೋಡಿ, ಏನಿಲ್ಲ’ ಅಂತ ವಾಪಸ್ ಅದೇ ರೂಮಿಗೆ ಕಳಿಸಿಬಿಡುತ್ತಾರೆ. ನನಗೆ ಆ ಭಯ.

ಶುಭೋದಯ: ಎಲ್ಲರನ್ನೂ ಹೆದರಿಸಬೇಡಿ ಮೇಡಂ. ಕಿಟಕಿ ತೆಗೆದು ಹತ್ತು ನಿಮಿಷ ದೀರ್ಘವಾಗಿ ಉಸಿರಾಡಿದರೆ ದೇಹದ ವಿಷವೆಲ್ಲ ಹೊರಗೆ ಹೋಗುತ್ತದೆ. ವಿಡಿಯೋ ಕಳಿಸ್ತೇನೆ.

ಡಾಕ್ಟರ್: ಕಳಿಸಬೇಡಿ. ಜನರೇಟರ್ ಆ ಕಿಟಕಿಯ ಕೆಳಗೇ ಓಡುತ್ತಿದೆ. ಅಲ್ಲಿ ನಿಂತು ದೀರ್ಘವಾಗಿ ಉಸಿರಾಡಿ ಅಂತ ಒಬ್ಬ ಬಸುರಿಗೆ ಹೇಳುತ್ತಿದ್ದೀರಿ. ಅಡ್ಮಿನ್, ಆ ಸಂದೇಶ ತೆಗೆಯಿರಿ.

ಅಡ್ಮಿನ್: ತೆಗೆಯುತ್ತಿದ್ದೇನೆ.

ಅಕೌಂಟ್ಸ್ ಸೆಕ್ಷನ್: ಮೇಡಂ, ಎಸಿ ರೂಮಲ್ಲಿ ಮಧ್ಯಾಹ್ನ ತೂಕಡಿಕೆ ಬರೋದು ಕೂಡ ಇದರಿಂದಾನಾ?

ಡಾಕ್ಟರ್: ಎಂಜಿನ್, ಒಲೆ, ಬಾಯ್ಲರ್ ಹತ್ತಿರ ಇಲ್ಲದಿದ್ದರೆ ಸಾಮಾನ್ಯವಾಗಿ ಅಲ್ಲ. ಉಸಿರಿನಿಂದ ತುಂಬಿದ ಕಾರ್ಬನ್ ಡೈಆಕ್ಸೈಡ್ ಕಾರಣ ಇರಬಹುದು, ಅದು ಬೇರೆ ಅನಿಲ. ಹೊರಗೆ ಅದು ಸುಮಾರು 420 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ. ರೂಮಲ್ಲಿ 1000 ದಾಟಿದರೆ ಹೊಸ ಗಾಳಿ ಸಾಲದು ಅಂತ ಅರ್ಥ. ಎಷ್ಟೋ ಎಸಿಗಳು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತವೆ ಅಷ್ಟೇ.

ಕೋಡರ್: ಮೊದಲು ಆ ಎಸಿಯನ್ನ ಇಷ್ಟು ತಣ್ಣಗೆ ಇಡೋದು ನಿಲ್ಲಿಸಲಿ. ನಮ್ಮಲ್ಲಿ ಸ್ವೆಟರ್ ಹಾಕಿ ಕೂರ್ತೀವಿ.

ಅಕೌಂಟ್ಸ್ ಸೆಕ್ಷನ್: ನಿಮ್ಮಂಥವರು ಆರಿಸೋದ್ರಿಂದಲೇ ನಾವು ಬೆವರ್ತೀವಿ.

ಕೋಡರ್: ಬೆವರಿದ್ರೆ ಫ್ಯಾನ್ ಇಟ್ಕೊಳ್ಳಿ. ಚಳಿ ಆದವರು ಏನು ಮಾಡಬೇಕು, ಹೊದ್ದು ಮಲಗಬೇಕಾ?

ಹೊಲಿಗೆ ಸೆಕ್ಷನ್: ನನ್ನ ಕಿವಿ ಪ್ರಶ್ನೆ ಯಾರೂ ನೋಡಲಿಲ್ಲ.

ಮೇಂಟೆನೆನ್ಸ್: ಅಕ್ಕಾ, ನಾನು ಡಾಕ್ಟರ್ ಅಲ್ಲ, ಮಿಷನ್ ಕಡೆಯಿಂದ ಹೇಳ್ತೀನಿ. ನಯೋಷ್ ಪ್ರಕಾರ ಎಂಟು ಗಂಟೆಗೆ 85 ಡೆಸಿಬಲ್ ಮಿತಿ. ಮೂರು ಡೆಸಿಬಲ್ ಏರಿದಂತೆ ಸಮಯ ಅರ್ಧ, 88ಕ್ಕೆ ನಾಲ್ಕೇ ಗಂಟೆ. ಒಂದು ತೋಳಿನ ದೂರದಲ್ಲಿರೋರ ಜೊತೆ ಕೂಗಿ ಮಾತಾಡಬೇಕಾದರೆ ಮಿತಿ ದಾಟಿದೆ ಅಂದುಕೊಳ್ಳಿ. ಮಿಷನ್ ಅಡಿಗೆ ರಬ್ಬರ್ ಹಾಕಿಸಿ, ಸವೆದ ಬೇರಿಂಗ್ ಬದಲಾಯಿಸಿ ಅಂತ ಕೇಳಿ. ಇಯರ್ ಪ್ಲಗ್ ಅದಾದ ಮೇಲೆ.

ಕೌಂಟರ್: ನಮಗೆ ದಿನವಿಡೀ ನಿಂತೇ ಕೆಲಸ, ಸ್ಟೂಲ್ ಕೊಡಲ್ಲ. ಕಾಲಿನ ನರ ಉಬ್ಬಿದೆ. ಇದಕ್ಕೆ ನಿಯಮ ಏನಾದರೂ ಇದೆಯಾ?

ಹೊಸ ಸದಸ್ಯ: ಮೇಡಂ ಕುರ್ಚಿ ಬಗ್ಗೆ ನೀವು ಮೇಲೆ ಬರೆದದ್ದು ಸಿಗ್ತಿಲ್ಲ, ಇನ್ನೊಮ್ಮೆ ಹೇಳಿ.

ಡಾಕ್ಟರ್: ಈಗ ಆಗುವುದಿಲ್ಲ.

ಎರಡನೇ ಮಹಡಿ: ಮೇಡಂ, ಹೊರಗಿದ್ದೀವಿ. ಅವರನ್ನ ಆಸ್ಪತ್ರೆಗೆ ಕರೆದುಕೊಂಡು ಹೋದರು, ವಾಕರಿಕೆ ಇದ್ದ ಇಬ್ಬರೂ ಹೋದರು. ನೀವು ಹೇಳಿದ ಪರೀಕ್ಷೆಗೆ ರಕ್ತ ತಗೊಂಡಿದ್ದಾರಂತೆ, ಆಕ್ಸಿಜನ್ ಹಾಕಿದ್ದಾರೆ. ಜನರೇಟರ್ ನಿಲ್ಲಿಸಿದ್ದಾರೆ. ಆದರೆ ನಾಳೆ ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಅದನ್ನ ಹತ್ತು ಹೆಜ್ಜೆ ದೂರ ಇಡಿಸ್ತೀನಿ ಅಂತ ಮ್ಯಾನೇಜರ್ ಅಂತಿದ್ದಾರೆ.

ಡಾಕ್ಟರ್: ಆಕ್ಸಿಜನ್ ಹಾಕಿದ್ದು ಒಳ್ಳೆಯದಾಯಿತು. ಬಸುರಿಗೆ ಅದನ್ನು ಬೇಗ ತೆಗೆಯಬಾರದು, ಅಲ್ಲಿನ ವೈದ್ಯರನ್ನು ಕೇಳಿಕೊಳ್ಳಿ. ಹತ್ತು ಹೆಜ್ಜೆ ಅನ್ನುವುದು ಅಳತೆಯಲ್ಲ. ಗಾಳಿ ಈ ಕಡೆ ಬೀಸಿದರೆ ಅಲ್ಲಿಂದಲೂ ಜಾಲರಿಗೆ ಬರುತ್ತದೆ. ಎಂಜಿನ್ ಅನ್ನು ಕಟ್ಟಡದ ಪಕ್ಕದಿಂದಲೇ ತೆಗೆಸಬೇಕು, ಇಲ್ಲವೇ ಕೆಲಸಕ್ಕೆ ವಿದ್ಯುತ್ ಲೈನ್ ಎಳೆಸಬೇಕು. ಆಮೇಲೆ ಉಪಕರಣ ಇಟ್ಟು ರೂಮಿನೊಳಗೆ ಅಳೆಯಬೇಕು. ನಯೋಷ್ ಪ್ರಕಾರ ಎಂಟು ಗಂಟೆಯ ಸರಾಸರಿ 35 ಪಿಪಿಎಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ ಒಳಾಂಗಣಕ್ಕೆ ಹೇಳುವ ಮಿತಿ ಅದಕ್ಕಿಂತ ಬಹಳ ಕಡಿಮೆ, ಸುಮಾರು 9. ಬಸುರಿ ಇರುವ ರೂಮಿಗೆ ಎರಡನೆಯದನ್ನೇ ಹಿಡಿಯಿರಿ. ಅಳತೆಯ ಚೀಟಿ ಕೈಗೆ ಬರುವ ತನಕ ಆ ರೂಮಿನಲ್ಲಿ ಯಾರೂ ಕೂರಬೇಡಿ.

ಮೇಂಟೆನೆನ್ಸ್: ಅಲಾರಂ ಎಲ್ಲಿ ಹಾಕಿಸಬೇಕು ಮೇಡಂ? ನೆಲದ ಹತ್ತಿರಾನಾ? ನಮ್ಮ ಗೋದಾಮಲ್ಲೂ ಗ್ಯಾಸ್ ಫೋರ್ಕ್‌ಲಿಫ್ಟ್ ಓಡುತ್ತೆ.

ಡಾಕ್ಟರ್: ಇದು ಅಡುಗೆ ಅನಿಲದಂತೆ ನೆಲಕ್ಕೆ ಇಳಿಯುವುದಿಲ್ಲ, ಗಾಳಿಯೊಂದಿಗೆ ಬೆರೆತು ಎಲ್ಲೆಡೆ ಹರಡುತ್ತದೆ. ಜನ ಉಸಿರಾಡುವ ಎತ್ತರದಲ್ಲಿ, ತಯಾರಕರು ಹೇಳಿದ ಜಾಗದಲ್ಲಿ ಹಾಕಿಸಿ. ಅಲಾರಂ ಹಾಕಿಸಿದ್ದೇವೆ ಅಂತ ಎಂಜಿನ್ ಒಳಗೆ ಓಡಿಸುತ್ತಾ ಇರಬೇಡಿ. ಮುಚ್ಚಿದ ಗೋದಾಮಿಗೆ ಬ್ಯಾಟರಿಯ ಫೋರ್ಕ್‌ಲಿಫ್ಟ್ ಕೇಳಿ. ಎಚ್‌ಆರ್ ಅವರೇ, ನಿಮ್ಮ ಕಟ್ಟಡದಲ್ಲಿ ಗಾಳಿ ಒಳಗೆ ಬರುವ ಜಾಲರಿಗಳು ಎಲ್ಲೆಲ್ಲಿವೆ, ಅವುಗಳ ಪಕ್ಕ ಏನು ಓಡುತ್ತದೆ ಅಂತ ನಾಳೆ ನೀವೇ ನಡೆದು ನೋಡಿ ಇಲ್ಲಿ ಬರೆಯಿರಿ.

ಎಚ್‌ಆರ್: ನೋಡ್ತೀನಿ ಮೇಡಂ. ಆದರೆ ಆ ನೈಟ್ ಶಿಫ್ಟ್ ಆಡಿದ ಮಾತಿಗೆ ಮೊದಲು ಕ್ಷಮೆ ಕೇಳಲಿ.

ಅಡ್ಮಿನ್: ಇವತ್ತಿಗೆ ಕಾಮೆಂಟ್ ಮುಚ್ಚುತ್ತಿದ್ದೇನೆ. ಎರಡನೇ ಮಹಡಿಯವರು ರಿಪೋರ್ಟ್ ಬಂದ ಕೂಡಲೇ ಡಾಕ್ಟರಿಗೆ ನೇರವಾಗಿ ಬರೆಯಿರಿ.