‘ಔಟ್‌ಪುಟ್’, ‘ಔಟ್‌ಕಮ್’, ‘ಇಂಪ್ಯಾಕ್ಟ್’: ಮೂರಕ್ಕೂ ‘ಫಲಿತಾಂಶ’ ಒಂದೇ ಸಾಕೇ?

ಸರ್ಕಾರಿ ಕಾರ್ಯಕ್ರಮವೊಂದರ ಮೌಲ್ಯಮಾಪನ ವರದಿಯನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಕೆಲವು ವಾರಗಳಿಂದ ತೊಡಗಿದ್ದೇನೆ. ಅಲ್ಲಿ ಎದುರಾದ ತೊಡಕೊಂದನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಕರಡಿನ ಒಂದೇ ಪುಟದಲ್ಲಿ ‘ಫಲಿತಾಂಶ’ ಎಂಬ ಪದ ಹನ್ನೊಂದು ಬಾರಿ ಬಂದಿತ್ತು. ಮೂಲದೊಡನೆ ಇಟ್ಟು ನೋಡಿದಾಗ ಅವುಗಳಲ್ಲಿ ಕೆಲವು ‘ಔಟ್‌ಪುಟ್’ಗೆ, ಕೆಲವು ‘ಔಟ್‌ಕಮ್’ಗೆ, ಎರಡು ‘ಇಂಪ್ಯಾಕ್ಟ್’ಗೆ, ಉಳಿದವು ‘ರಿಸಲ್ಟ್’ಗೆ ನಿಂತಿರುವುದು ಕಂಡಿತು. ಕರಡು ಬರೆದವನು ನಾನೇ ಆದ್ದರಿಂದ ದೂರುವುದಕ್ಕೆ ಬೇರೆ ಯಾರೂ ಇಲ್ಲ.

ಮನೆಮನೆಗೆ ನಲ್ಲಿ ನೀರು ಕೊಡುವ ಕಾರ್ಯಕ್ರಮವೊಂದಿದೆ ಎಂದಿಟ್ಟುಕೊಳ್ಳಿ. ಒಂದು ಊರಿನಲ್ಲಿ 400 ಮನೆಗಳಿಗೆ ಜೋಡಣೆ ಕೊಡಬೇಕಿತ್ತು, 400ಕ್ಕೂ ಕೊಟ್ಟಾಯಿತು. ಪ್ರಗತಿ ವರದಿಯಲ್ಲಿ ‘ಗುರಿ 400, ಸಾಧನೆ 400, ಶೇಕಡಾ 100’ ಎಂದು ದಾಖಲಾಗುತ್ತದೆ. ಇದು ಔಟ್‌ಪುಟ್. ಆ ನಲ್ಲಿಗಳಲ್ಲಿ ದಿನವೂ ನೀರು ಬರುತ್ತಿದೆಯೇ, ಮನೆಯವರು ಹಳೆಯ ಬಾವಿಯನ್ನು ಬಿಟ್ಟು ಅದೇ ನೀರನ್ನು ಕುಡಿಯುತ್ತಿದ್ದಾರೆಯೇ ಎಂಬುದು ಔಟ್‌ಕಮ್. ಮಕ್ಕಳಲ್ಲಿ ಅತಿಸಾರ ಕಡಿಮೆಯಾಯಿತೇ, ಕಡಿಮೆಯಾಗಿದ್ದರೆ ಅದು ಈ ನಲ್ಲಿಗಳಿಂದಲೇ ಆದದ್ದೇ ಎಂಬುದು ಇಂಪ್ಯಾಕ್ಟ್. ಮೊದಲನೆಯದು ಪೂರ್ತಿಯಾಗಿದ್ದು ಎರಡನೆಯದು ಶೂನ್ಯವಾಗಿರುವ ಸಂದರ್ಭಗಳನ್ನು ಹುಡುಕಿ ತೋರಿಸುವುದೇ ಇಂತಹ ವರದಿಗಳ ಉದ್ದೇಶ. ಹೀಗಿರುವಾಗ ‘ಫಲಿತಾಂಶ ಶೇಕಡಾ 100, ಆದರೆ ಫಲಿತಾಂಶ ಕಂಡುಬಂದಿಲ್ಲ’ ಎಂಬಂತಹ ವಾಕ್ಯವನ್ನು ಓದುಗರ ಕೈಗೆ ಕೊಡುವುದು ಹೇಗೆ?

ಈ ಭೇದ ಪದಕೋಶ ಹಿಡಿದು ಕುಳಿತವರ ಹಟವಲ್ಲ. ಅಮೆರಿಕವು 1993ರಲ್ಲಿ ಸರ್ಕಾರಿ ಸಂಸ್ಥೆಗಳ ಸಾಧನೆ ಮತ್ತು ಫಲಗಳ ಕುರಿತು ಮಾಡಿದ ಕಾಯ್ದೆ ಔಟ್‌ಪುಟ್, ಔಟ್‌ಕಮ್ ಎಂಬ ಎರಡು ಅಳತೆಗಳನ್ನು ಬೇರೆಬೇರೆಯಾಗಿಯೇ ವ್ಯಾಖ್ಯಾನಿಸಿತು: ಚಟುವಟಿಕೆಯನ್ನೋ ಶ್ರಮವನ್ನೋ ಎಣಿಸಿ ದಾಖಲಿಸುವುದು ಒಂದು, ಕಾರ್ಯಕ್ರಮದಿಂದ ದೊರೆತದ್ದನ್ನು ಅದರ ಉದ್ದೇಶದೊಡನೆ ಹೋಲಿಸಿ ಅಳೆಯುವುದು ಇನ್ನೊಂದು. ಭಾರತ ಸರ್ಕಾರ 2005ರಲ್ಲಿ ‘ಔಟ್‌ಕಮ್ ಬಜೆಟ್’ ತಂದಾಗ ಅದನ್ನು ‘ಫಲಿತಾಂಶ ಬಜೆಟ್’ ಎಂದುಕೊಂಡರೆ ಕೆಲಸ ಸಾಗುತ್ತಿತ್ತು, ಏಕೆಂದರೆ ಪಕ್ಕದಲ್ಲಿ ಪೈಪೋಟಿಗೆ ಇನ್ನೊಂದು ಪದವಿರಲಿಲ್ಲ. 2017-18ರಿಂದ ಕೇಂದ್ರ ಬಜೆಟ್ಟಿನೊಡನೆ ಯೋಜನೆವಾರು ಔಟ್‌ಪುಟ್ ಮತ್ತು ಔಟ್‌ಕಮ್‌ಗಳನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕದಲ್ಲಿ ಕೊಡಲಾರಂಭಿಸಿದ ಮೇಲೆ ಆ ಅನುಕೂಲ ತಪ್ಪಿತು.

ಇದನ್ನು ಯೋಚಿಸುತ್ತಿರುವಾಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಈ ಕ್ಷೇತ್ರದಲ್ಲಿ ನಾವು ಹೆಚ್ಚಾಗಿ ಬಳಸುವ ಮೂರು ಪದಗಳೂ ಪರೀಕ್ಷೆಯ ಲೋಕದಲ್ಲಿ ಪಳಗಿದವು. ಕೊಠಡಿಯಲ್ಲಿ ನಡೆಯುವುದು ‘ಮೇಲ್ವಿಚಾರಣೆ’, ಉತ್ತರಪತ್ರಿಕೆಗೆ ಆಗುವುದು ‘ಮೌಲ್ಯಮಾಪನ’, ಕೊನೆಗೆ ಪ್ರಕಟವಾಗುವುದು ‘ಫಲಿತಾಂಶ’. ಹೀಗಾಗಿ ವರದಿ ಓದುವ ಅಧಿಕಾರಿ ತನ್ನನ್ನು ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯಂತೆ ಭಾವಿಸಿ, ಪಾಸೋ ಫೇಲೋ ಎಂಬುದನ್ನಷ್ಟೇ ಹುಡುಕಿದರೆ ಅದರಲ್ಲಿ ಪದಗಳ ಪಾಲೂ ಇದೆ ಎಂದು ನನ್ನ ಅನುಮಾನ. ಆದರೂ ‘ಮೌಲ್ಯಮಾಪನ’ವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅದು ಬೇರೂರಿದೆ, ಮೌಲ್ಯವನ್ನು ಅಳೆಯುವುದು ಎಂಬ ಅದರ ಅರ್ಥವೂ ಸರಿಯಾಗಿಯೇ ಇದೆ.

‘ಮೇಲ್ವಿಚಾರಣೆ’ಯ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಯೋಜನಾ ಆಯೋಗದ ಕಾಲದಲ್ಲಿ, 1952ರಲ್ಲಿ, ಹುಟ್ಟಿದ ‘ಪ್ರೋಗ್ರಾಂ ಇವ್ಯಾಲ್ಯುಯೇಶನ್ ಆರ್ಗನೈಸೇಶನ್’ ಹೆಸರಿನಲ್ಲಿ ಮೌಲ್ಯಮಾಪನ ಮಾತ್ರವಿತ್ತು. 2015ರಲ್ಲಿ ನೀತಿ ಆಯೋಗದಡಿ ಅದರ ಜಾಗಕ್ಕೆ ಬಂದ ಕಚೇರಿಯ ಹೆಸರಿನಲ್ಲಿ ‘ಮಾನಿಟರಿಂಗ್’ ಸಹ ಸೇರಿತು. ಎರಡೂ ಬೇರೆ ಕೆಲಸಗಳು: ಕಾರ್ಯಕ್ರಮ ನಡೆಯುತ್ತಿರುವಷ್ಟು ಕಾಲವೂ ಆಯ್ದ ಸೂಚಕಗಳ ಅಂಕಿಗಳನ್ನು ತಪ್ಪದೆ ಸಂಗ್ರಹಿಸಿ ಎಲ್ಲಿಗೆ ಬಂದಿದ್ದೇವೆಂದು ನೋಡುತ್ತಿರುವುದು ಮಾನಿಟರಿಂಗ್, ಗೊತ್ತಾದ ಒಂದು ಹಂತದಲ್ಲಿ ನಿಂತು, ಆದದ್ದೇಕೆ ಆಗದಿದ್ದದ್ದೇಕೆ ಎಂದು ವಿಚಾರಿಸುವುದು ಮೌಲ್ಯಮಾಪನ. ‘ಮೇಲ್ವಿಚಾರಣೆ’ ಎಂದರೆ ಕೆಲಸ ಮಾಡಿಸುವವನ ಅಧಿಕಾರವೂ ಅದರೊಳಗೆ ಬಂದುಬಿಡುತ್ತದೆ. ‘ಉಸ್ತುವಾರಿ’ಯಲ್ಲಿ ಅಧಿಕಾರದ ಜೊತೆಗೆ ಹೊಣೆಯೂ ಉಂಟು. ‘ನಿಗಾ’ ಚಿಕ್ಕದು, ಬಳಕೆಯಲ್ಲಿರುವುದು, ಕಣ್ಣಿಟ್ಟಿರುವುದನ್ನಷ್ಟೇ ಹೇಳುತ್ತದೆ. ರೋಗಿಯ ಮೇಲೂ ಕಳ್ಳನ ಮೇಲೂ ಅದನ್ನೇ ಇಡುತ್ತೇವೆ ಎಂಬುದೊಂದೇ ಅಳುಕು. ಸದ್ಯಕ್ಕೆ ‘ಪ್ರಗತಿಯ ನಿಗಾ’ ಎಂದು ಬರೆಯುತ್ತಿದ್ದೇನೆ.

ಔಟ್‌ಪುಟ್‌ಗೆ ‘ಉತ್ಪನ್ನ’ ಎಂದರೆ ಕಾರ್ಖಾನೆ ಕಣ್ಣಮುಂದೆ ಬರುತ್ತದೆ, ‘ಹುಟ್ಟುವಳಿ’ ಎಂದರೆ ಹೊಲ. ಕಚೇರಿಗಳಲ್ಲಿ ರೂಢಿಯಲ್ಲಿರುವ ಮಾತು ‘ಭೌತಿಕ ಸಾಧನೆ’. ಖರ್ಚಾದ ಹಣ ‘ಆರ್ಥಿಕ ಸಾಧನೆ’, ಆದ ಕೆಲಸ ‘ಭೌತಿಕ ಸಾಧನೆ’. ನಲ್ಲಿಗೂ ರಸ್ತೆಗೂ ಇದು ಒಪ್ಪುತ್ತದೆ. ಅರವತ್ತು ಮಂದಿಗೆ ತರಬೇತಿ ಕೊಟ್ಟದ್ದನ್ನು ಭೌತಿಕವೆನ್ನಲು ನನ್ನ ಕೈ ತಡೆಯುತ್ತದೆ, ಕಚೇರಿಗಳ ಕೈ ತಡೆಯುವುದಿಲ್ಲ. ‘ನೀಡಿಕೆ’ ಎಂಬುದು ನನ್ನ ಸಲಹೆ. ಕಾರ್ಯಕ್ರಮವು ಜನರ ಕೈಗೆ ಮುಟ್ಟಿಸಿದ್ದು, ಅದು ವಸ್ತುವಾಗಲಿ ಸೇವೆಯಾಗಲಿ, ನೀಡಿಕೆ.

ಹಾಗಾದರೆ ಔಟ್‌ಕಮ್‌ಗೆ ‘ಫಲ’ ಎಂದೇ ಏಕೆ ಕರೆಯಬಾರದು? ‘ಫಲಾನುಭವಿ’ ಎಂಬ ಪದ ಆಗಲೇ ಎಲ್ಲರ ಬಾಯಲ್ಲಿದೆ. ಆದರೆ ಅದರ ಬಳಕೆಯನ್ನು ಗಮನಿಸಿ: ಫಲವನ್ನು ಅನುಭವಿಸುವವನು ಎಂಬ ಅರ್ಥದ ಈ ಪದವನ್ನು ಪಟ್ಟಿಯಲ್ಲಿ ಹೆಸರು ಬಿದ್ದ ದಿನವೇ, ಫಲದ ಸುಳಿವೂ ಇಲ್ಲದಿರುವಾಗ, ಆ ವ್ಯಕ್ತಿಗೆ ಅಂಟಿಸುತ್ತೇವೆ. ಎಣಿಕೆ ನೀಡಿಕೆಯದು, ಹೆಸರು ಫಲದ್ದು. ನಾನು ಕನ್ನಡಕ್ಕೆ ತರುತ್ತಿರುವ ವರದಿಯ ಗೊಂದಲವೆಲ್ಲ ಈ ಒಂದು ಪದದೊಳಗೇ ಅಡಗಿದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಇಂಪ್ಯಾಕ್ಟ್ ಎಲ್ಲಕ್ಕಿಂತ ಕಠಿಣ, ಏಕೆಂದರೆ ಮೂಲದಲ್ಲೇ ಅದಕ್ಕೆ ಎರಡು ಅರ್ಥಗಳಿವೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2002ರಲ್ಲಿ ಹೊರತಂದ ಪದಾವಳಿಯ ಪ್ರಕಾರ ಅದು ದೀರ್ಘಕಾಲದಲ್ಲಿ ಆಗುವ ಒಳಿತು ಕೆಡುಕುಗಳು. ಬಯಸಿದವೂ ಬಯಸದವೂ, ನೇರವಾದವೂ ಪರೋಕ್ಷವಾದವೂ ಅದರಲ್ಲಿ ಸೇರುತ್ತವೆ. ಅರ್ಥಶಾಸ್ತ್ರಜ್ಞರಿಗಾದರೋ ಕಾಲಾವಧಿ ಮುಖ್ಯವಲ್ಲ. ಕಾರ್ಯಕ್ರಮ ಇದ್ದಾಗಿನ ಸ್ಥಿತಿಗೂ ಅದು ಇಲ್ಲದಿದ್ದರೆ ಇರುತ್ತಿದ್ದ ಸ್ಥಿತಿಗೂ ನಡುವಿನ ಅಂತರವೇ ಇಂಪ್ಯಾಕ್ಟ್. ಮೆಕ್ಸಿಕೋದಲ್ಲಿ 1997ರಲ್ಲಿ ಆರಂಭವಾದ ‘ಪ್ರೊಗ್ರೆಸಾ’ ಕಾರ್ಯಕ್ರಮ ಇದಕ್ಕೆ ಹೆಸರಾದ ಉದಾಹರಣೆ. ಮಕ್ಕಳು ಶಾಲೆಗೆ ಹೋಗಬೇಕು, ಮನೆಯವರು ಆರೋಗ್ಯ ತಪಾಸಣೆಗೆ ಬರಬೇಕು ಎಂಬ ಷರತ್ತಿನ ಮೇಲೆ ಬಡ ಕುಟುಂಬಗಳಿಗೆ ಹಣ ಕೊಡುವ ಈ ಕಾರ್ಯಕ್ರಮದ ಮೌಲ್ಯಮಾಪನಕ್ಕಾಗಿ 506 ಹಳ್ಳಿಗಳನ್ನು ಆಯ್ದು, ಚೀಟಿ ಎತ್ತಿದಂತೆ, 320 ಹಳ್ಳಿಗಳಲ್ಲಿ ಅದನ್ನು ಮೊದಲು ಜಾರಿಗೆ ತಂದು, 186 ಹಳ್ಳಿಗಳಿಗೆ ಅನಂತರ ವಿಸ್ತರಿಸಿದರು. ನಡುವಿನ ಅವಧಿಯಲ್ಲಿ ಎರಡು ಗುಂಪುಗಳ ಮಧ್ಯೆ ಕಂಡ ವ್ಯತ್ಯಾಸವನ್ನು ಕನ್ನಡದಲ್ಲಿ ಏನೆನ್ನಬೇಕು?

‘ಪ್ರಭಾವ’ ಎಂದರೆ ಪ್ರಭಾವಿ ವ್ಯಕ್ತಿಗಳ ನೆನಪಾಗುತ್ತದೆ. ‘ಫಲಶ್ರುತಿ’ ಪತ್ರಿಕೆಗಳಿಗೆ ಪ್ರಿಯವಾದದ್ದು. ವರದಿ ಅಚ್ಚಾದ ಮೇಲೆ ರಸ್ತೆಗುಂಡಿ ಮುಚ್ಚಿದರೆ ‘ವರದಿಯ ಫಲಶ್ರುತಿ’ ಎನ್ನುತ್ತಾರೆ. ಆದರೆ ಸ್ತೋತ್ರದ ಕೊನೆಯ ಫಲಶ್ರುತಿ ಇಂಥ ಫಲ ದೊರೆಯುವುದೆಂದು ಭರವಸೆ ಕೊಡುತ್ತದೆ, ದೊರೆಯಿತೇ ಎಂದು ಯಾರೂ ಲೆಕ್ಕ ಇಡುವುದಿಲ್ಲ. ಮೌಲ್ಯಮಾಪನಕ್ಕೆ ಇದಕ್ಕಿಂತ ಹೊಂದದ ಪದ ಸಿಗಲಾರದು. ಉಳಿಯುವುದು ‘ಪರಿಣಾಮ’. ವಚನಗಳಲ್ಲಿ ಅದಕ್ಕೆ ತೃಪ್ತಿ, ನೆಮ್ಮದಿ ಎಂಬ ಅರ್ಥವೂ ಉಂಟು, ಇಂದಿನ ಬಳಕೆಯಲ್ಲಿ ಅದು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಲ್ಲುತ್ತದೆ, ‘ಇದರಿಂದ ಅದು’ ಎಂಬ ಕಾರ್ಯಕಾರಣ ಸಂಬಂಧವೂ ಅದರೊಳಗಿದೆ. ಇಂಪ್ಯಾಕ್ಟ್‌ಗೆ ಅರ್ಥಶಾಸ್ತ್ರಜ್ಞರು ಕೊಡುವ ಅರ್ಥ ಬೇಕಾದ ಕಡೆ ‘ನಿವ್ವಳ ಪರಿಣಾಮ’ ಎಂದು ಬರೆದರೆ, ತಾನಾಗಿಯೇ ಆಗುತ್ತಿದ್ದುದನ್ನು ಕಳೆದು ಉಳಿದದ್ದು ಎಂಬುದು ಓದುಗರಿಗೆ ಹೊಳೆಯಬಹುದೆಂದು ನನ್ನ ನಿರೀಕ್ಷೆ.

‘ಸೂಚಕ’ ಬೇಕಾದಲ್ಲಿ ‘ಸೂಚ್ಯಂಕ’ ಬರೆಯುವ ರೂಢಿಯನ್ನೂ ಬಿಡಬೇಕು. ಅತಿಸಾರದ ಪ್ರಮಾಣ ಒಂದು ಸೂಚಕ. ಅಂತಹ ಹಲವನ್ನು ಕೂಡಿಸಿ ಒಂದೇ ಅಂಕಿಗೆ ಇಳಿಸಿದರೆ ಸೂಚ್ಯಂಕ.

ನನ್ನ ಕೋರಿಕೆ ಇಷ್ಟು. ‘ನೀಡಿಕೆ ಪೂರ್ಣಗೊಂಡಿದೆ, ಫಲ ಭಾಗಶಃ ಕಂಡಿದೆ, ನಿವ್ವಳ ಪರಿಣಾಮವನ್ನು ಹೇಳಲು ಆಧಾರ ಸಾಲದು’ ಎಂಬ ವಾಕ್ಯ ಈಗ ನನ್ನ ಕರಡಿನಲ್ಲಿದೆ. ಈ ಕ್ಷೇತ್ರದ ಪರಿಚಯವಿಲ್ಲದ ಓದುಗರಿಗೆ ಇದು ವಿವರಣೆಯಿಲ್ಲದೆ ಅರ್ಥವಾಗುತ್ತದೆಯೇ? ‘ನೀಡಿಕೆ’ಗಿಂತ ಹಗುರವಾದ, ಆಗಲೇ ಯಾರಾದರೂ ಬಳಸುತ್ತಿರುವ ಪದವಿದ್ದರೆ ದಯವಿಟ್ಟು ಅದು ಬಳಕೆಯಾದ ವಾಕ್ಯದೊಡನೆ ತಿಳಿಸಬೇಕು.